ಗುಬ್ಬಿಯ ಬಲಗಿವಿ ಯಾರದು?

೧
ಈ ಕಥೆಯನ್ನು ಕಿವಿಯಿಂದ ಶುರು ಮಾಡಬೇಕೋ ಪಕ್ಕೆಲುಬಿನಿಂದಲೋ ತಿಳಿಯದೆ ಒಂದಿಷ್ಟು ಹಾಳೆ ಹರಿದಿದ್ದೇನೆ. ಮೊದಲ ಡ್ರಾಫ್ಟ್ ಹೀಗಿತ್ತು: 'ಮೃದ್ವಸ್ಥಿ, ಅಂದರೆ ಮೆದುಮೂಳೆ, ಒಂದು ಬಗೆಯ ಸಂಯೋಜಕ ಅಂಗಾಂಶ. ಇದರಲ್ಲಿ ಜೀವಕೋಶಗಳು ಕಡಿಮೆ, ಅವುಗಳ ನಡುವೆ ತುಂಬಿದ ವಸ್ತುವೇ ಹೆಚ್ಚು. ರಕ್ತನಾಳವಿಲ್ಲ, ನರವಿಲ್ಲ.' ಓದುಗರೇ, ನಿಮಗಿಂತ ಮೊದಲು ಗುಬ್ಬಿ ಆಕಳಿಸಿದಳು.

"ಇದು ನನ್ನ ಕಥೆನಾ, ಪರೀಕ್ಷೆ ಉತ್ತರಾನಾ?"

ಗುಬ್ಬಿ ನನ್ನ ಕಥಾನಾಯಕಿ. ಹೈಸ್ಕೂಲು ಮುಗಿಸುತ್ತಿರುವ ಹುಡುಗಿ. ಹುಟ್ಟಿದಾಗಲೇ ಅವಳ ಹೊರಗಿವಿಗಳು ಬೆಳೆದಿರಲಿಲ್ಲ. ಎರಡೂ ಕಡೆ ಕಡಲೆಬೀಜದಷ್ಟು ಚರ್ಮದ ಗಂಟು, ಅಷ್ಟೆ. ತಲೆಗೆ ಕಟ್ಟಿದ ಪಟ್ಟಿಯಲ್ಲಿರುವ ಪುಟ್ಟ ಯಂತ್ರ ಸದ್ದನ್ನು ಮೂಳೆಯ ಮೂಲಕ ಒಳಕ್ಕೆ ಕಳಿಸುವುದರಿಂದ ಚೆನ್ನಾಗಿಯೇ ಕೇಳಿಸುತ್ತದೆ. (ಬೇಕಾದ್ದು ಮಾತ್ರ ಕೇಳಿಸುತ್ತದೆ ಎಂದು ಅವಳ ಅಮ್ಮನ ದೂರು.)

೨
ಅಮ್ಮ ಕನ್ನಡಕದ ಅಂಗಡಿಯಲ್ಲಿದ್ದಾಳೆ. ದಿನವಿಡೀ ಕಂಡವರ ಕಿವಿಯ ಹಿಂದೆ ಬೆರಳಾಡಿಸಿ, ಫ್ರೇಮಿನ ಕಡ್ಡಿ ಬಗ್ಗಿಸಿ, "ಒತ್ತುತ್ತಾ?" ಎಂದು ಕೇಳುವುದು ಅವಳ ಕೆಲಸ. ಅಪ್ಪ ಲಿಫ್ಟ್ ರಿಪೇರಿಯವನು. ಇಬ್ಬರೂ ಬೇರೆಯಾಗಿ ವರ್ಷಗಳೇ ಆದವು, ಮಾತಿಲ್ಲ, ಕತೆಯಿಲ್ಲ.

ಹೊಸ ಹೊರಗಿವಿ ಹೇಗೆ ಮಾಡುತ್ತಾರೆಂದು ಸರ್ಜನ್ ಮೇಡಂ ತಾಯಿ ಮಗಳನ್ನು ಕೂರಿಸಿಕೊಂಡು ವಿವರಿಸಿದರು. ಮೇಜಿನ ಮೇಲೆ ಅವರು ಅಭ್ಯಾಸಕ್ಕೆ ಕೆತ್ತಿದ ಸೋಪಿನ ಕಿವಿಯೊಂದಿತ್ತು.

"ಪಕ್ಕೆಲುಬಿನ ತುದೀಲಿ ಮೆದುಮೂಳೆ ಇರತ್ತೆ. ಸ್ವಲ್ಪ ತೆಗೆದು, ಕಿವಿ ಆಕಾರಕ್ಕೆ ಕೆತ್ತಿ, ಚರ್ಮದ ಕೆಳಗೆ ಇಡ್ತೀವಿ. ಅದಕ್ಕೆ ಸ್ವಂತ ರಕ್ತನಾಳ ಇಲ್ಲ. ಅಕ್ಕಪಕ್ಕದಿಂದ ಜಿನುಗಿದ್ದನ್ನೇ ಹೀರ್ಕೊಂಡು ಬದುಕತ್ತೆ. ಮೊದ್ಲು ಬಲಗಡೆ ಮಾಡೋಣ. ಮಾದರಿಗೆ ಮನೆಯವರದು ಒಂದು ಕಿವಿ ಬೇಕು."

ಅಮ್ಮ ಆಗಲೇ ಕೂದಲು ಸರಿಸಿ ಕತ್ತು ವಾಲಿಸಿದ್ದಳು.

"ಅಪ್ಪಂದು," ಎಂದಳು ಗುಬ್ಬಿ.

೩
(ಇಲ್ಲಿ ಪೆನ್ನು ಕೆಳಗಿಟ್ಟೆ. ನಾನು ಅಂದುಕೊಂಡಿದ್ದು ಅಮ್ಮನ ಕಿವಿ. ಹಾಗಾಗಿದ್ದರೆ ಕಥೆ ಇಷ್ಟೊತ್ತಿಗೆ ಮುಗಿದು ನಾನು ಮಲಗಿರುತ್ತಿದ್ದೆ.)

"ಯಾಕಮ್ಮ ಗುಬ್ಬಿ? ಅಮ್ಮನ ಮೇಲೆ ಕೋಪಾನಾ?" ಎಂದು ಕೇಳಿದೆ.

"ಇಲ್ಲ."

"ಅಪ್ಪನ್ನ ಮನೆಗೆ ವಾಪಸ್ ಕರೆಸೋ ಪ್ಲಾನಾ?"

"ನಿಮ್ಮ ತಲೇಲಿ ಬರೀ ಸೀರಿಯಲ್ಲೇ ಓಡತ್ತಾ?"

೩ (ಮತ್ತೆ, ನಾನಿಲ್ಲದೆ)
ಆ ಸಂಜೆ ಅಮ್ಮ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತ ಕೇಳಿದಳು: "ನನ್ನ ಕಿವಿಗೇನಾಗಿದೆ?"

"ಏನೂ ಆಗಿಲ್ಲಮ್ಮಾ. ನಿನ್ನ ದಿನಾ ನೋಡ್ತೀನಲ್ಲ. ಅಪ್ಪನ್ನ ನೆನೆಸ್ಕೊಂಡ್ರೆ ಮುಖ ಅರ್ಧಂಬರ್ಧ ಬರತ್ತೆ."

ಅಮ್ಮ ನಲ್ಲಿ ನಿಲ್ಲಿಸಿದಳು. ಅವಳಿಗೆ ಸಿಟ್ಟು ಬಂತು ಎಂದು ಬರೆದೆ, ಅಳು ಬಂತು ಎಂದು ತಿದ್ದಿದೆ, ಎರಡನ್ನೂ ಹೊಡೆದುಹಾಕಿದೆ. ಕೈ ಒರೆಸಿಕೊಂಡು ಫೋನ್ ತೆಗೆದುಕೊಂಡಳು ಎಂಬುದನ್ನು ಮಾತ್ರ ಉಳಿಸಿದ್ದೇನೆ.

೪
ಅಪ್ಪ ಬಂದ. ಗ್ರೀಸ್ ಕಲೆಯ ಶರ್ಟು, ಸೊಟ್ಟ ಕನ್ನಡಕ. ಮೇಡಂ ಕನ್ನಡಕ ತೆಗೆಸಿ, ತೆಳು ಪಾರದರ್ಶಕ ಹಾಳೆಯನ್ನು ಅವನ ಬಲಗಿವಿಗೆ ಒತ್ತಿ, ಪೆನ್ನಿನಲ್ಲಿ ಅಂಚು ಮಡಿಕೆಗಳನ್ನೆಲ್ಲ ಎಳೆದುಕೊಂಡರು. ಅವನು ಫೋಟೋಗೆ ಕೂತ ಮಗುವಿನಂತೆ ಉಸಿರು ಬಿಗಿಹಿಡಿದಿದ್ದ. ಅಷ್ಟರಲ್ಲಿ ಅಮ್ಮ ಮೇಜಿನ ಮೇಲಿದ್ದ ಕನ್ನಡಕ ಎತ್ತಿಕೊಂಡು, ಹೆಬ್ಬೆರಳಿನಲ್ಲಿ ಕಡ್ಡಿ ಬಗ್ಗಿಸಿ, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ಅವನ ಮುಂದಿಟ್ಟಳು. ಹಾಕಿಕೊಂಡ. ನೇರವಾಗಿ ಕೂತಿತು.

ನಾನು ಹಿಗ್ಗಿ ಹೀರೇಕಾಯಿಯಾದೆ. 'ಮುರಿದ ಸಂಬಂಧವೊಂದು ಮತ್ತೆ' ಎಂದು ಬರೆಯುವಷ್ಟರಲ್ಲಿ ಅಮ್ಮ ನನ್ನತ್ತ ತಿರುಗಿದಳು.

"ಸೊಟ್ಟ ಇತ್ತು, ಸರಿ ಮಾಡ್ದೆ. ನನ್ನ ಕೆಲಸಾನೇ ಅದು. ಮೆದುಮೂಳೆಗೂ ನನ್ನ ಸಂಸಾರಕ್ಕೂ ಗಂಟು ಹಾಕಿದ್ರೆ ನಾನು ಈ ಕಥೇಲೇ ಇರಲ್ಲ."

ಗಂಟು ಬಿಚ್ಚಿದೆ.

೫
ಆಪರೇಷನ್‌ಗೆ ಎರಡು ಅಂತ್ಯ ಸಿದ್ಧವಿಟ್ಟಿದ್ದೆ. ಒಂದರಲ್ಲಿ ಹೊಸ ಕಿವಿ ಅಪ್ಪನದರ ಪಡಿಯಚ್ಚು. ಇನ್ನೊಂದರಲ್ಲಿ ಚರ್ಮ ಕಪ್ಪಾಗಿ ಎಲ್ಲ ಹಾಳು. ಬ್ಯಾಂಡೇಜ್ ಬಿಚ್ಚಿದಾಗ ಕಂಡದ್ದು ಕೆಂಪಗೆ ಊದಿದ, ಮಡಿಕೆಗಳಿನ್ನೂ ಮಸುಕಾದ, ತಲೆಗೆ ಅಂಟಿಕೊಂಡ ಒಂದು ಕಿವಿ. ಅಪ್ಪ, "ನಮ್ಮಮ್ಮನ ಕಿವಿ ಥರ ಇದೆ," ಎಂದ. ಅಮ್ಮ, "ಈಗ್ಲೇ ಏನ್ ಗೊತ್ತಾಗತ್ತೆ," ಎಂದಳು. ಗುಬ್ಬಿ ಕನ್ನಡಿ ಹಿಡಿದು ಬೆರಳ ತುದಿ ಸೋಕಿಸಿದಳು.

"ಮುಟ್ಟಿದ್ದು ಗೊತ್ತೇ ಆಗ್ತಿಲ್ಲ. ಪಕ್ಕೇಲಿ ಮಾತ್ರ ನೋವು."

ಖುಷಿಯಾಯಿತೇ ಎಂದು ಕೇಳಿದೆ. "ಗೊತ್ತಿಲ್ಲ," ಎಂದಳು. ನನಗೂ.

೬
ಆಮೇಲೆ ಆಸ್ಪತ್ರೆಯ ಕೋಣೆಯಲ್ಲಿ ಫ್ಯಾನಿನ ಗಲಾಟೆ. ಅಪ್ಪ ಜೋರು ಮಾಡಿದ. ಅಮ್ಮ ಎದ್ದು ಕಮ್ಮಿ ಮಾಡಿದಳು.

"ಮಗೂಗೆ ಸೆಖೆ ಆಗ್ತಿದೆ."

"ಮಗೂಗಾ, ನಿಮಗಾ?"

"ಫ್ಯಾನಿಗೂ ನಿನ್ನ ಪರ್ಮಿಷನ್ ಬೇಕಾ?"

"ಲಿಫ್ಟ್‌ನೋರಿಗೆ ಮೇಲೆ, ಕೆಳಗೆ ಎರಡೇ ಗೊತ್ತು. ನಡುವೆ ಅಂತ ಒಂದಿರತ್ತೆ."

ಗುಬ್ಬಿ ಕಿಸಕ್ಕನೆ ನಕ್ಕು ಪಕ್ಕೆ ಹಿಡಿದುಕೊಂಡಳು. "ಅಯ್ಯೋ, ನಗಿಸ್ಬೇಡಿ!"

ಇಬ್ಬರೂ ತಟ್ಟನೆ ಬಾಯಿ ಮುಚ್ಚಿದರು.

"ಯಾಕೆ ನಿಲ್ಲಿಸಿದ್ರಿ? ಮಾತಾಡಿ," ಎಂದಳು. ಆಮೇಲೆ ನನಗೆ: "ನೀವು ಸ್ವಲ್ಪ ಹೊರಗಿರಿ."

ಬಾಗಿಲು ಮುಚ್ಚಿತು. ಹೀಗಾಗಿ ಮುಂದಿನದು ನನಗೆ ತಿಳಿಯದು. ಒಳಗೆ ದನಿಗಳೇನೋ ಇವೆ, ಜಗಳವೋ ಮತ್ತೇನೋ. ಬಾಗಿಲಿಗೆ ಆತುಕೊಂಡು ನಿಂತಿದ್ದಾಗ ನರ್ಸ್ ಬಂದರು.

"ಯಾರ್ರೀ ನೀವು? ಪೇಷಂಟ್ ಕಡೆಯವರಾ?"

"ಹೌದು. ಅಂದ್ರೆ... ಇಲ್ಲ."

"ಏನಾಗ್ಬೇಕು ನೀವು ಅವರಿಗೆ?"

ಹೇಳಲು ಬಾಯಿ ತೆರೆದೆ. ಒಳಗಿನಿಂದ ಗುಬ್ಬಿ ನಗುತ್ತಲೇ, "ನೋವಾಗ್ತಿದೆ, ಸಾಕು ನಿಲ್ಸಿ!" ಎಂದು ಕೂಗಿದಳು. ಯಾರೂ ನಿಲ್ಲಿಸಿದಂತೆ ಕೇಳಿಸಲಿಲ್ಲ.