ದರ್ಜಿಯ ದನಿ

ಡಬ್ಬಿಂಗ್ ಸ್ಟುಡಿಯೋದಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದುದು ಗಿಳಿರಾಯ ಎಂದು. ಕಾರ್ಟೂನಿನ ಕಾಗೆ, ಜಾಹೀರಾತಿನ ಅಜ್ಜ, ಸೋಪು ಕಂಡು ಓಟ ಕೀಳುವ ಕ್ರಿಮಿ, ಎಲ್ಲಕ್ಕೂ ಅವನದೇ ಗಂಟಲು. "ಜಗಳ ಆಡೋಣ ಅಂದ್ರೂ ನಿಮ್ಮ ಸ್ವಂತ ದನೀಲಿ ಆಡಲ್ವಲ್ರೀ" ಎಂದು ಹೆಂಡತಿ ಎಂದೋ ಗಂಟುಮೂಟೆ ಕಟ್ಟಿದ್ದಳು. ಹಾಗಾಗಿ ಐವತ್ತು ದಾಟಿದ ಮೇಲೆ ಸ್ಟುಡಿಯೋದ ಕೆಳಗಿನ ಅಂಗಡಿಯ ದರ್ಜಿಯಮ್ಮನ ಮೇಲೆ ಮನಸ್ಸಾದಾಗ, ಅವಳ ಮುಂದೆ ಗಿಳಿಪಾಠ ಒಪ್ಪಿಸುವುದಿಲ್ಲವೆಂದು ಶಪಥ ಮಾಡಿದ. ಈ ಸಲವಾದರೂ ತನ್ನ ದನಿಗೇ ಒಬ್ಬರು ಓಗೊಡಲಿ.

ಅಂಗಡಿ ಮೊದಲು ಅವಳ ಗಂಡನದು. ಅವನೂ ದರ್ಜಿ, ಬಾಗಿಲು ತುಂಬುವಂಥ ಆಳು. ಗಿಳಿರಾಯ ಮೆಟ್ಟಿಲು ಹತ್ತುವಾಗಲೆಲ್ಲ ಅವನು ಒಮ್ಮೆ ಕೆಮ್ಮಿ, "ಏನ್ ಸಾರ್, ಇವತ್ತು ಯಾವ ಪ್ರಾಣಿ?" ಎಂದು ಕಾಲೆಳೆಯುತ್ತಿದ್ದ. ಆ ಆಳು ತೀರಿಹೋಗಿ ವರ್ಷಗಳಾಗಿದ್ದವು.

ಗಿಳಿರಾಯ ಗಟ್ಟಿಯಾಗಿದ್ದ ಗುಂಡಿಯನ್ನೂ ಮೆಟ್ಟಿಲ ಮೇಲೆ ನಿಂತು ಕಿತ್ತುಕೊಂಡು ಅವಳ ಅಂಗಡಿಗೆ ಹೋಗುತ್ತಿದ್ದ.

"ದಿನಾ ಗುಂಡಿಗೆ ಏನಾಗುತ್ತೆ ಸಾರ್?"

"ಗುಂಡಿಗೆ ಏನೂ ಇಲ್ಲ. ಗುಂಡಿಗೆಗೇ ಆಗಿರೋದು."

ಅವಳು ಹಲ್ಲಲ್ಲಿ ದಾರ ಕಡಿಯುತ್ತಲೇ ನಕ್ಕಳು. ಒಂದು ದಿನ ತಾನಾಗಿಯೇ ಟೇಪು ಹಿಡಿದು ಅಳತೆ ತೆಗೆದಳು. "ಎಡಭುಜ ಒಂಚೂರು ಇಳಿದಿದೆ. ಇರ್ಲಿ, ನಿಮಗೊಂದು ಅಂಗಿ ಹೊಲಿದುಕೊಡ್ತೀನಿ." ಅಳತೆ ಬರೆದಿಡುವ ಅಭ್ಯಾಸ ಅವಳಿಗಿಲ್ಲ. ಒಮ್ಮೆ ಟೇಪು ಹಿಡಿದರೆ ಕೈಗೇ ನೆನಪು.

ಅಲ್ಲಿಗೇ ನಿಂತಿದ್ದರೆ ಚೆನ್ನಿತ್ತು. ಒಂದು ಮಧ್ಯಾಹ್ನ ಯಂತ್ರದ ದಾರ ಮತ್ತೆ ಮತ್ತೆ ತುಂಡಾಗಿ ಅವಳ ಕಣ್ಣಲ್ಲಿ ನೀರು. ಗಂಡ ತುಳಿಯುತ್ತಿದ್ದ ಹೊಲಿಗೆಯಂತ್ರ ಅದು. ಅಳುವವರನ್ನು ನಗಿಸುವ ಚಟಕ್ಕೆ ಬಿದ್ದ ಗಿಳಿರಾಯನ ಗಂಟಲು ಶಪಥ ಮರೆಯಿತು. ಒಮ್ಮೆ ಕೆಮ್ಮಿ, ಥೇಟ್ ಆ ದರ್ಜಿಯ ದನಿಯಲ್ಲಿ, "ಅದಕ್ಕೆ ಸಿಟ್ಟು ಬಂದಿದೆ ಕಣೇ, ಎಣ್ಣೆ ಹಾಕು" ಎಂದ.

ಅವಳ ಕೈಯಿಂದ ಕತ್ತರಿ ಜಾರಿತು. ಬೈಸಿಕೊಳ್ಳಲು ಅವನು ತಲೆ ತಗ್ಗಿಸಿ ನಿಂತ.

"ಇನ್ನೊಂದ್ಸಲ" ಎಂದಳು.

ಒನ್ಸ್ ಮೋರ್ ಕೇಳಿದಾಗ ಬಾಯಿ ಮುಚ್ಚಿಕೊಂಡ ಮಿಮಿಕ್ರಿಯವನು ಇನ್ನೂ ಹುಟ್ಟಿಲ್ಲ. ಇನ್ನೊಂದು ಸಲ ಅಂದ. ಮರುದಿನವೂ ಅಂದ. ಬರಬರುತ್ತ, ಅವನು ತನ್ನ ದನಿಯಲ್ಲಿ ಏನು ಹೇಳಿದರೂ ಅವಳು ಕಾಜಾ ಹೊಲಿಯುತ್ತ "ಹೂಂ" ಎನ್ನುವಳು. ಆ ದನಿ ತೆಗೆದರೆ ಯಂತ್ರ ನಿಲ್ಲಿಸಿ ಕೇಳುವಳು.

ಕೊನೆಗೊಮ್ಮೆ ಧೈರ್ಯ ಮಾಡಿದ. "ನಾವಿಬ್ರೂ ಮದ್ವೆ ಆಗೋಣ್ವಾ?" ಸ್ವಂತ ದನಿ ಬಳಕೆಯಿಲ್ಲದೆ ಒಡೆದುಹೋಯಿತು.

ಅವಳು ಟೇಪನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ಬೇಜಾರ್ ಮಾಡ್ಕೋಬೇಡಿ. ಇದನ್ನೇ... ಅವರ ಥರ ಕೇಳ್ತೀರಾ?"

"ಕೇಳಿದ್ರೆ?"

"ಇಲ್ಲ ಅನ್ನೋಕಾಗಲ್ಲ ನಂಗೆ."

ಎದ್ದು ಹೋಗಬಹುದಿತ್ತು. ಆದರೆ ಮನೆಯಲ್ಲಿ ಅವನೊಡನೆ ಮಾತಾಡಲು ಇದ್ದದ್ದು ಕುಕ್ಕರೊಂದೇ. ಕೆಮ್ಮಿನ ಸಮೇತ ಕೇಳಿದ. ಅವಳು ಕಣ್ಣು ಮುಚ್ಚಿ, "ಹೂಂ ಕಣ್ರೀ" ಎಂದಳು.

ಮದುವೆಯ ಹಿಂದಿನ ದಿನ ಅಂಗಿ ಕೈಗಿಟ್ಟಳು. ತೊಟ್ಟರೆ ಭುಜದ ಹೊಲಿಗೆ ಮೊಣಕೈಯತ್ತ ಜಾರಿತು, ತೋಳು ಬೆರಳುಗಳನ್ನೂ ನುಂಗಿತು. ಅಳತೆಯಲ್ಲಿ ನೂಲಿನಷ್ಟೂ ತಪ್ಪದ ಕೈ ಅದು. ಅಳತೆ ಯಾರದೆಂದು ಅವನು ಕೇಳಲಿಲ್ಲ.

ಅವಳು ಹಿಂದೆ ಸರಿದು ನಿಂತು, ಮುಖವರಳಿಸಿ, "ಸರಿಯಾಗಿದೆಯೇನ್ರೀ?" ಎಂದಳು.

ಅವನು ಒಮ್ಮೆ ಕೆಮ್ಮಿದ.

"ಅಚ್ಚುಕಟ್ಟಾಗಿದೆ ಕಣೇ."