ಇನ್ನೊಂದು ಚೊಂಬು

ಓಂಕಾರಪ್ಪ ಮತ್ತೊಂದು ಚೊಂಬು ಬಿಸಿನೀರನ್ನು ಹಾಲಮ್ಮನ ನೆತ್ತಿಯ ಮೇಲೆ ಸುರಿದ. ಏನೂ ಆಗಲಿಲ್ಲ. ನೀರು ಹುಡುಗಿಯ ಕಿವಿಯ ಹಿಂದೆ ಇಳಿದು, ತಲೆಗೆ ಅಂಟಿಸಿದ್ದ ತಂತಿಗಳ ಮೇಲಿಂದ ಜಾರಿ, ಸ್ಟೂಲಿನ ಕೆಳಗಿಟ್ಟ ತಗಡಿನ ಬಾನಿಗೆ ಬಿತ್ತು. ಮೇಜಿನ ಮೇಲಿದ್ದ ಯಂತ್ರದಲ್ಲಿ ಸಾಲಾಗಿ ಕೂತ ಮುಳ್ಳುಗಳು ಕಾಗದದ ಮೇಲೆ ಸಣ್ಣಗೆ ನಡುಗುತ್ತ ಗೆರೆ ಎಳೆಯುತ್ತಲೇ ಇದ್ದವು. ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೆ ಹೋದ ಬೆಂಚುಗಳಲ್ಲಿ ಕೂತಿದ್ದ ಡಾಕ್ಟರಿಕೆ ಓದುವ ಹುಡುಗರು ಕತ್ತು ಚಾಚಿ ನೋಡಿ, ಮತ್ತೆ ಹಿಂದಕ್ಕೆ ಒರಗಿದರು.

ಅಂಜಮ್ಮ ಒಣ ಟವೆಲನ್ನು ಎದೆಗೆ ಅವುಚಿಕೊಂಡು ಗೋಡೆಯ ಪಕ್ಕ ನಿಂತಿದ್ದಳು. ಮಗಳ ಬೆನ್ನು ಹಲಗೆಯಂತೆ ಸೆಟೆದಿತ್ತು. ಗುರುತಿಲ್ಲದ ಗಂಡಸು ತಲೆಗೆ ನೀರು ಹಾಕುತ್ತಿದ್ದಾನೆ, ಇಷ್ಟು ಜನ ಕಣ್ಣು ಬಿಟ್ಟು ನೋಡುತ್ತಿದ್ದಾರೆ, ಒಂಬತ್ತು ವರ್ಷದ ಕೂಸು ಸೆಟೆಯದೆ ಇನ್ನೇನು ಮಾಡೀತು. ಅಟೆಂಡರ್ ಓಂಕಾರಪ್ಪ ಒಳ್ಳೆಯವನೇ. ನಗಿಸಲೆಂದು ಹುಡುಗಿಯ ಕಿವಿಯ ಹತ್ತಿರ ಬಗ್ಗಿದ.

"ನಮ್ಮನೇಲಿ ದೀವಳಿಗೆಗೂ ಇಷ್ಟು ಬಿಸಿನೀರು ಸಿಗಾಕಿಲ್ಲ ಕಣವ್ವ. ನೀನು ಪುಣ್ಯವಂತೆ."

ಹಾಲಮ್ಮ ನಗಲಿಲ್ಲ. ಅವಳ ಕಣ್ಣು ಗೋಡೆಯ ಕಡೆಗೆ, ಅವ್ವನ ಕಡೆಗೆ ಹೊರಳಿ ಹೊರಳಿ ಬರುತ್ತಿತ್ತು.

ಹೊನ್ನಾಳಿಯ ಅವರ ಮನೆಯಲ್ಲಿ ಧಾರಾಳವಾಗಿ ಇದ್ದದ್ದೆಂದರೆ ಬಿಸಿನೀರು ಒಂದೇ. ಅಂಜಮ್ಮನ ಗಂಡ ಗೋಣೆಪ್ಪ ಅಕ್ಕಿ ಗಿರಣಿಯಲ್ಲಿ ಭತ್ತ ಬೇಯಿಸುವ ಕೆಲಸಕ್ಕಿದ್ದ. ಬರುವಾಗ ಒಂದು ಚೀಲ ಭತ್ತದ ಹೊಟ್ಟು ಹೊತ್ತು ತರುತ್ತಿದ್ದ. ಆ ಹೊಟ್ಟನ್ನು ಬಚ್ಚಲ ಒಲೆಗೆ ಒತ್ತಿ ತುಂಬಿದರೆ ಅದು ಸದ್ದಿಲ್ಲದೆ ಹಗಲೆಲ್ಲ ಉರಿದು, ಹಂಡೆಯ ನೀರು ಕೈ ಇಡಲಾಗದಷ್ಟು ಕಾಯುತ್ತಿತ್ತು. ವಾರಕ್ಕೊಮ್ಮೆ ತಲೆಗೆ ಎಣ್ಣೆ ಹಚ್ಚಿ, ಸೀಗೆಪುಡಿ ಉಜ್ಜಿ, ಉಸಿರಾಡಲು ಬಿಡುವು ಕೊಡದ ಹಾಗೆ ಒಂದೇ ಜಾಗಕ್ಕೆ ಚೊಂಬಿನ ಮೇಲೆ ಚೊಂಬು ಸುರಿಯಬೇಕು. ನೆತ್ತಿ ಕೆಂಪಾಗಬೇಕು, ಆಗಲೇ ಮೈಯ ನೋವು ಬಿಟ್ಟುಹೋಗುತ್ತದೆ. ನ್ಯಾಮತಿಯಲ್ಲಿ ಅಂಜಮ್ಮನ ಹಡೆದವ್ವ ಹಾಗೆ ಮಾಡುತ್ತಿದ್ದಳು, ಅಂಜಮ್ಮನೂ ಹಾಗೆ ಮಾಡಿದಳು. ಹಾಲಮ್ಮ ಮೊಳಕಾಲಿಗೆ ಗದ್ದ ಊರಿ, ಕಣ್ಣು ಮುಚ್ಚಿ, ತುಟಿಯಲ್ಲೇ ನಗುತ್ತ, ಎಲ್ಲೋ ದೂರದಿಂದ ಮಾತಾಡಿದ ಹಾಗೆ "ಇನ್ನೊಂದು ಹಾಕವ್ವ" ಅನ್ನುತ್ತಿದ್ದಳು. ದಿನವಿಡೀ ಬೈಗುಳವೇ ಕೇಳುವ ಮನೆಯಲ್ಲಿ ಆ ಮಾತು ಅಂಜಮ್ಮನ ಕರುಳಿಗೆ ತಂಪು. ಇನ್ನೊಂದು ಹಾಕುತ್ತಿದ್ದಳು. ಹುಡುಗಿ ಪಕ್ಕಕ್ಕೆ ವಾಲಿ ಬೀಳುತ್ತಿದ್ದಳು. ಕಣ್ಣು ಮೇಲೆ ಸಿಕ್ಕಿಕೊಂಡು, ಹಲ್ಲು ಕಚ್ಚಿ, ಕೈಕಾಲು ಬಡಿಯುತ್ತ ಬಚ್ಚಲ ಕಲ್ಲಿನ ಮೇಲೆ ಒದ್ದಾಡುತ್ತಿದ್ದಳು.

ಅತ್ತೆ ಗಿಡ್ಡಮ್ಮನ ಪ್ರಕಾರ ಅದು ಅಂತರಘಟ್ಟಮ್ಮ ಮೈಮೇಲೆ ಬರುವುದು. ಹರಕೆ ಹೊತ್ತರು, ಬೇವಿನ ಸೊಪ್ಪಿನಲ್ಲಿ ಇಳಿ ತೆಗೆದರು. ಬಳೆ ಚೂರು ಕಾಯಿಸಿ ಹುಬ್ಬಿನ ನಡುವೆ ಬರೆ ಹಾಕಿಸಿದರು. ಯಾವುದರಿಂದಲೂ ನಿಲ್ಲಲಿಲ್ಲ. "ನಿಮ್ಮ ನ್ಯಾಮತಿಯಿಂದ ತಂದ ಬಳುವಳಿ ಇದೊಂದೇ ನೋಡು" ಎಂದು ಅತ್ತೆ ಬಾವಿಯ ಹತ್ತಿರ ನಾಲ್ಕು ಜನರ ಮುಂದೆ ಅಂದಿದ್ದಳು. ಒಮ್ಮೆ ಹುಡುಗಿ ಒಲೆಯ ಕಡೆಗೇ ಬಿದ್ದು ಮೊಣಕೈ ಸುಟ್ಟುಕೊಂಡಾಗ ಅಂಜಮ್ಮ ಯಾರನ್ನೂ ಕೇಳದೆ ಸರ್ಕಾರಿ ಆಸ್ಪತ್ರೆಗೆ ಎತ್ತಿಕೊಂಡು ಹೋದಳು.

ಅವತ್ತು ಸಂತೆ. ತಿಂಗಳಿಗೊಮ್ಮೆ ಮೆಡಿಕಲ್ ಕಾಲೇಜಿನಿಂದ ಬರುವ ನರದ ಡಾಕ್ಟರು ಷಣ್ಮುಖಪ್ಪನವರು ಬಂದಿದ್ದರು. ಅವರು ಒಂದು ಹಳೇ ಜೀಪಿನಲ್ಲಿ ಚನ್ನಗಿರಿ, ಜಗಳೂರು ಎಲ್ಲ ಸುತ್ತಿ, ಫಿಟ್ಸ್ ಬರುವವರನ್ನು ಹುಡುಕಿ ಮಾತಾಡಿಸುತ್ತಿದ್ದರು. ಅವರು ಬರುವ ತನಕ ಆ ಕಾಲೇಜಿನಲ್ಲಿ ನರರೋಗಕ್ಕೆಂದು ಏನೂ ಇರಲಿಲ್ಲ. ಲಕ್ವ ಹೊಡೆದವರು, ಮೂರ್ಛೆ ಬರುವವರು ವರಾಂಡದಲ್ಲಿ ಚಾಪೆ ಹಾಸಿಕೊಂಡು ಮಲಗುತ್ತಿದ್ದರು. ಹುಡುಗರು ಗಾಜಿನ ಜಾಡಿಯಲ್ಲಿ ನೆನೆಸಿಟ್ಟ ಒಂದು ಮಿದುಳನ್ನು ನೋಡಿಯೇ ಪರೀಕ್ಷೆ ಪಾಸು ಮಾಡುತ್ತಿದ್ದರು. ಷಣ್ಮುಖಪ್ಪನವರು ಕಂಡಕಂಡವರ ಕಾಲು ಹಿಡಿದು ಒಂದು ಕೋಣೆ, ಮಿದುಳಿನ ಮಿಡಿತವನ್ನು ಗೆರೆಯಾಗಿ ಬರೆಯುವ ಈ ಯಂತ್ರ ಸಂಪಾದಿಸಿದ್ದರು.

ಬೇರೆಯವರು ಕೇಳದ ಒಂದು ಪ್ರಶ್ನೆಯನ್ನು ಅವರು ಕೇಳಿದರು. ಬೀಳುವ ಮುಂಚೆ ಹುಡುಗಿ ಏನಾದರೂ ಅನ್ನುತ್ತಾಳೆಯೇ? ಅಂಜಮ್ಮ ಹೇಳಿದಳು. ಅವರ ಪೆನ್ನು ನಿಂತಿತು. ಇನ್ನೊಮ್ಮೆ ಹೇಳಿ ಅಂದರು. ಆಮೇಲೆ ಮೆಲ್ಲಗೆ, ಬೈಯದ ದನಿಯಲ್ಲಿ ಹೇಳಿದರು.

"ಅದು ಅವಳು ಕೇಳೋದಲ್ಲ ಅಂಜಮ್ಮ. ಬಿಸಿನೀರು ಬಿದ್ದು ಅಷ್ಟೊತ್ತಿಗೆ ಮಿದುಳಿನಾಗೆ ರೋಗ ಶುರುವಾಗಿರ್ತೈತೆ. ಅದೇ ಅವಳ ಬಾಯಾಗೆ ಹಂಗೆ ಅನ್ನಸ್ತೈತೆ."

ಮನೆಗೆ ಬಂದು ಅಂಜಮ್ಮ ಬಚ್ಚಲಿನಲ್ಲಿ ಸುಮ್ಮನೆ ಕೂತಿದ್ದಳು. ಹಾಲು ಉಕ್ಕಿ ಒಲೆಗೆ ಹೋದದ್ದೂ ಗೊತ್ತಾಗಲಿಲ್ಲ. ಅಂದಿನಿಂದ ಮಗಳ ತಲೆಗೆ ತಣ್ಣೀರೇ ಆಯಿತು. ಆದರೆ ಸ್ವಲ್ಪ ದಿನಕ್ಕೆ ಹುಡುಗಿ ನೀರೂ ಇಲ್ಲದೆ, ಸ್ನಾನವೂ ಇಲ್ಲದೆ, ಸ್ಕೂಲಿನಿಂದ ಬರುವಾಗ ಬೀದಿಯಲ್ಲೇ ಬಿದ್ದಳು. ಡಾಕ್ಟರು ಕೇಳಿ ತಲೆ ತಗ್ಗಿಸಿದರು. ರೋಗ ಮುಂದಕ್ಕೆ ಹೋಗಿದೆ, ಮಾತ್ರೆ ಬೇಕೇ ಬೇಕು, ಅದಕ್ಕೆ ಮೊದಲು ಯಂತ್ರದ ಮೇಲೆ ಒಮ್ಮೆ ಫಿಟ್ಸ್ ಕಾಣಬೇಕು ಅಂದರು. ಮಿದುಳಿನ ಯಾವ ಮೂಲೆಯಿಂದ ಏಳುತ್ತದೆ ಎಂದು ಗೊತ್ತಾದರೆ ತಕ್ಕ ಮಾತ್ರೆ ಕೊಡಬಹುದು, ಇಲ್ಲದಿದ್ದರೆ ಕತ್ತಲಲ್ಲಿ ಕಲ್ಲೆಸೆದ ಹಾಗೆ.

"ಸುಳ್ಳು ಯಾಕೆ ಹೇಳ್ಲಿ, ನನಗೂ ಬೇಕಾಗೈತೆ. ಹೊರಗಿನ ದೊಡ್ಡ ಡಾಕ್ಟ್ರು ಬರ್ತಾರೆ. ಬಿಸಿನೀರಿಗೆ ಫಿಟ್ಸ್ ಬರ್ತೈತೆ ಅಂದ್ರೆ ಅವರು ನಂಬಾಕಿಲ್ಲ. ನಂಬಿದ್ರೆ ಇಲ್ಲಿ ನರದ ವಿಭಾಗ ಅಂತ ಆಗ್ತೈತೆ."

ಸುಳ್ಳು ಹೇಳದ ಆ ಮನುಷ್ಯನ ಮೇಲೆ ಅಂಜಮ್ಮನಿಗೆ ನಂಬಿಕೆ ಬಂತು. ಗಿರಣಿಯ ಬೆಂಕಿ ಬಿಟ್ಟು ಬರಲಾಗದು ಎಂದು ಗೋಣೆಪ್ಪ ಬಸ್ ಸ್ಟ್ಯಾಂಡಿನ ತನಕ ಬಂದು ನಿಂತ. ತಾಯಿ ಮಗಳು ಇಬ್ಬರೇ ಕಾಲೇಜಿಗೆ ಬಂದರು.

ಈಗ ಆ ದೊಡ್ಡ ಡಾಕ್ಟರುಗಳು ಇಬ್ಬರು ಮುಂದಿನ ಸಾಲಿನ ಕುರ್ಚಿಯಲ್ಲಿದ್ದರು. ಅವರಲ್ಲಿ ಒಬ್ಬರು ಗಡಿಯಾರ ನೋಡಿಕೊಂಡು ಇಂಗ್ಲಿಷಿನಲ್ಲಿ ಏನೋ ಅಂದರು. ಹಿಂದಿನ ಬೆಂಚುಗಳಲ್ಲಿ ಕಿಸಕ್ ಎಂಬ ನಗು ಹಾದುಹೋಯಿತು. ಷಣ್ಮುಖಪ್ಪನವರು ನಗಲಿಲ್ಲ. ಕುತ್ತಿಗೆಯ ನರ ಉಬ್ಬಿತ್ತು. ಓಂಕಾರಪ್ಪ ಬಕೆಟ್ಟಿಗೆ ಇನ್ನಷ್ಟು ಕುದಿನೀರು ಬೆರೆಸಿ ಸುರಿದು ನೋಡಿದ. ಹುಡುಗಿ ಹಲ್ಲು ಕಚ್ಚಿದಳು, ಅಳಲಿಲ್ಲ, ಬೀಳಲೂ ಇಲ್ಲ.

ಡಾಕ್ಟರು ಗೋಡೆಯ ಹತ್ತಿರ ಬಂದರು.

"ನೀವೇ ಹಾಕ್ರಿ. ಮನೇಲಿ ಹಾಕೋ ಹಂಗೆ."

ಅಂಜಮ್ಮ ಟವೆಲನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. "ಬರ್ಲಿಲ್ಲ ಅಂದ್ರೆ ಒಳ್ಳೇದೇ ಅಲ್ವೇನ್ರೀ?"

ಅವರು ಸ್ಟೂಲಿನ ಕಡೆಗೊಮ್ಮೆ, ಮುಂದಿನ ಸಾಲಿನ ಕಡೆಗೊಮ್ಮೆ ನೋಡಿದರು. ಆ ಮುಖದಲ್ಲಿ ಇದ್ದದ್ದು ಹುಡುಗಿಯ ಚಿಂತೆಯೋ, ಮುಂದಿನ ಸಾಲಿನವರ ಚಿಂತೆಯೋ ಅಂಜಮ್ಮನಿಗೆ ತಿಳಿಯಲಿಲ್ಲ. ಅವರಿಗಾದರೂ ತಿಳಿದಿತ್ತೋ ಇಲ್ಲವೋ.

"ಇಲ್ಲಿ ಬರ್ಲಿಲ್ಲ ಅಂದ್ರೆ ಬಾವಿ ಕಟ್ಟೆ ಮೇಲೆ ಬರ್ತೈತೆ ಅಂಜಮ್ಮ. ಹೊಳೇಲಿ ಬರ್ತೈತೆ. ಆವಾಗ ನಾನಿರಾಕಿಲ್ಲ."

ಅವಳು ಟವೆಲನ್ನು ಓಂಕಾರಪ್ಪನ ಹೆಗಲ ಮೇಲೆ ಹಾಕಿ ಚೊಂಬು ತೆಗೆದುಕೊಂಡಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹಸ್ತದ ಹಿಂಬದಿಯನ್ನು ನೀರಿಗೆ ಅದ್ದಿ ಬಿಸಿ ನೋಡಿದಳು. ಇದೆಲ್ಲ ತನ್ನಷ್ಟಕ್ಕೆ ನಡೆಯಿತು. ಕಣ್ಣಿಗೆ ನೀರು ಹೋಗದ ಹಾಗೆ ಎಡಗೈಯನ್ನು ಮಗಳ ಹಣೆಯ ಮೇಲೆ ಅಡ್ಡ ಹಿಡಿದಳು.

ಹಾಲಮ್ಮ ತಿರುಗಿ ನೋಡಲಿಲ್ಲ. ನೋಡುವ ಅಗತ್ಯವೇ ಇರಲಿಲ್ಲ. ಆ ಕೈ ತಾಗಿದ್ದೇ ತಡ ಅವಳ ಹೆಗಲು ಸಡಿಲವಾಗಿ ಕೆಳಗಿಳಿಯಿತು. ಹಿಡಿದಿಟ್ಟಿದ್ದ ಉಸಿರು ಹೊರಗೆ ಬಂತು. ಮೊಳಕಾಲು ಮೇಲಕ್ಕೆ ಎಳೆದುಕೊಂಡು ಅದರ ಮೇಲೆ ಗದ್ದ ಇಟ್ಟು, ಮನೆಯ ಬಚ್ಚಲಿನಲ್ಲಿ ಕೂರುವ ಹಾಗೆಯೇ ಕೂತಳು. ಅಂಜಮ್ಮ ಸುರಿದಳು. ಮತ್ತೆ ಸುರಿದಳು, ಒಂದೇ ಜಾಗಕ್ಕೆ, ಬಿಡುವು ಕೊಡದೆ. ನೆತ್ತಿಯಿಂದ ಹಬೆ ಎದ್ದಿತು. ಕೋಣೆಯಲ್ಲಿ ನೀರಿನ ಸದ್ದು, ಮುಳ್ಳಿನ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ.

"ಇನ್ನೊಂದು ಹಾಕವ್ವ."

ಅದೇ ದೂರದ ದನಿ. ಅಂಜಮ್ಮನ ಕೈ ಗಾಳಿಯಲ್ಲೇ ನಿಂತಿತು. ಚೊಂಬಿನ ನೀರು ತುಳುಕಿ ಅವಳ ಮೊಣಕೈಯಿಂದ ಇಳಿಯಿತು. ಇಲ್ಲಿಗೆ ನಿಲ್ಲಿಸಬಹುದು. ಟವೆಲು ಸುತ್ತಿ, ಎತ್ತಿಕೊಂಡು, ಮಧ್ಯಾಹ್ನದ ಬಸ್ಸಿಗೆ ಹೊರಟುಬಿಡಬಹುದು.

"ನಿಲ್ಲಿಸಬೇಡ್ರಿ" ಅಂದರು ಡಾಕ್ಟರು, ಯಂತ್ರದಿಂದ ಕಣ್ಣು ತೆಗೆಯದೆ.

ಅವಳು ಹಾಕಿದಳು.

ಮುಳ್ಳುಗಳೆಲ್ಲ ಒಟ್ಟಿಗೆ ಹುಚ್ಚೆದ್ದು ಕಾಗದವನ್ನು ಗೀರತೊಡಗಿದವು. ಹಾಲಮ್ಮ ಬಲಕ್ಕೆ ವಾಲಿದಳು. ಅಂಜಮ್ಮ ಚೊಂಬು ಬಿಸಾಕಿ ಅವಳ ತಲೆ ಹಿಡಿದುಕೊಂಡಳು. ಹುಡುಗರು ದಡದಡ ಇಳಿದು ಬಂದು ಸುತ್ತ ನಿಂತರು. ಷಣ್ಮುಖಪ್ಪನವರು ಗಟ್ಟಿಯಾಗಿ ಇಂಗ್ಲಿಷಿನಲ್ಲಿ ಪಾಠ ಹೇಳುತ್ತಿದ್ದರು. ಮೊದಲು ಯಾವ ಕೈ, ಆಮೇಲೆ ಯಾವ ಕಾಲು ಎಂದು ಬೆರಳು ಮಾಡಿ ತೋರಿಸುತ್ತಿದ್ದರು. ಸಂತೆ ದಿನ ಮಾತಾಡಿದ ದನಿ ಅದಲ್ಲ. ಹರೆಯದವನ ದನಿಯ ಹಾಗೆ ಕೇಳಿಸಿತು. ಗಡಿಯಾರ ನೋಡಿಕೊಂಡಿದ್ದ ಹಿರಿಯರು ಎದ್ದು ಬಂದು ಕಾಗದದ ಮೇಲೆ ಬಗ್ಗಿ, ಗೆರೆಯ ಉದ್ದಕ್ಕೂ ಬೆರಳಾಡಿಸಿದರು.

ಮನೆಯಲ್ಲಾದರೆ ಇಷ್ಟರಲ್ಲಿ ನಿಲ್ಲುತ್ತಿತ್ತು. ಇವತ್ತು ನಿಲ್ಲಲಿಲ್ಲ. ಒಂದು ಮುಗಿಯಿತು ಅನ್ನುವಾಗ ಇನ್ನೊಂದು ಎದ್ದಿತು. ತುಟಿ ನೀಲಿಗಟ್ಟಿತು. ಪಾಠ ಹೇಳುವ ದನಿ ಅರ್ಧಕ್ಕೆ ತುಂಡಾಗಿ, ಡಾಕ್ಟರು ಸಿರಿಂಜು ಸಿರಿಂಜು ಎಂದು ಕೂಗಿದರು. ಯಾರೋ ಅಂಜಮ್ಮನ ಭುಜ ಹಿಡಿದು ಹಿಂದಕ್ಕೆ ಸರಿಸಿದರು. ಬಿಳಿಕೋಟುಗಳ ಸಂದಿನಿಂದ ಅವಳಿಗೆ ಕಂಡದ್ದು ಮಗಳ ಒಂದು ಪಾದ ಮಾತ್ರ. ಅದು ಒದೆಯುತ್ತ ಒದೆಯುತ್ತ ಕೊನೆಗೊಮ್ಮೆ ಸುಮ್ಮನಾಯಿತು. ಕೂಸು ಸತ್ತೇಹೋಯಿತು ಎಂದುಕೊಂಡು ಅವಳು ಒದ್ದೆ ನೆಲದ ಮೇಲೆ ಕುಸಿದಳು.

ಸತ್ತಿರಲಿಲ್ಲ. ಹಾಲಮ್ಮ ಮಾರನೆಯ ಬೆಳಿಗ್ಗೆ ವಾರ್ಡಿನ ಮಂಚದ ಮೇಲೆ ಕಣ್ಣು ಬಿಟ್ಟಳು. ಬಲಗೈ ಮಾತ್ರ ಸರಿಯಾಗಿ ಮೇಲೇಳುತ್ತಿರಲಿಲ್ಲ. ಷಣ್ಮುಖಪ್ಪನವರು ಹುಡುಗರ ಗುಂಪಿನೊಂದಿಗೆ ಬಂದರು. ಒಬ್ಬೊಬ್ಬರಾಗಿ ಹುಡುಗರು ಆ ಕೈ ಹಿಡಿದು, ಒತ್ತು ನೋಡೋಣ, ನೂಕು ನೋಡೋಣ ಎಂದು ಪರೀಕ್ಷೆ ಮಾಡಿ ಬರೆದುಕೊಂಡರು. ಅವರೆಲ್ಲ ಮುಂದಿನ ಮಂಚಕ್ಕೆ ಹೋದ ಮೇಲೆ ಡಾಕ್ಟರು ಹಿಂದೆ ಉಳಿದು, ಫಿಟ್ಸ್ ಉದ್ದ ಆದದ್ದರಿಂದ ಕೈಗೆ ಸುಸ್ತು, ಎರಡು ದಿನದಲ್ಲಿ ಬಲ ಬರುತ್ತದೆ, ಹೆದರಬೇಡಿ ಅಂದರು. ಮಾತ್ರೆಯ ಪೊಟ್ಟಣ ಕೊಟ್ಟರು. ಇದು ನಿಲ್ಲಿಸುತ್ತದೆ ಎಂದು ಭರವಸೆಯಿಂದ ಹೇಳಿದರು. ವಿಭಾಗಕ್ಕೆ ಮಂಜೂರಾತಿ ಸಿಗುತ್ತದೆ, ಈ ಸೀಮೆಯ ಮಕ್ಕಳೆಲ್ಲ ಇನ್ನು ಇಲ್ಲಿಗೇ ಬರಬಹುದು, ನಿಮ್ಮಿಂದ ಆಯಿತು ಅಂದರು. ಅಂಜಮ್ಮ ಕೈ ಮುಗಿದಳು. ಅವರು ಕೂಡ ಕೈ ಮುಗಿದು, ಅವಳ ಮುಖ ನೋಡದೆ ಹೊರಟುಹೋದರು.

ಹಾಲಮ್ಮ ಅವರು ಹೋದ ಬಾಗಿಲನ್ನೇ ನೋಡುತ್ತಿದ್ದಳು. ಮಾತು ಇನ್ನೂ ತೊದಲುತ್ತಿತ್ತು.

"ನೀರು ಹಾಕಿದ್ರೆ ಫಿಟ್ಸ್ ಬರ್ತೈತೆ ಅಂತ ನಿಂಗೆ ಗೊತ್ತಿತ್ತೇನವ್ವ?"

ಇಲ್ಲ ಅನ್ನುವುದು ಸುಲಭವಿತ್ತು. ಅಂಜಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಗೊತ್ತಿತ್ತು ಮಗಾ."

ಹುಡುಗಿ ಬಾಗಿಲಿನಿಂದ ಕಣ್ಣು ತೆಗೆದು ತನ್ನ ಬಲಗೈಯನ್ನು ನೋಡಿಕೊಂಡಳು.

ಸ್ವಲ್ಪ ಹೊತ್ತಿಗೆ ನರ್ಸಮ್ಮ ಒಂದು ಬಟ್ಟಲಲ್ಲಿ ಸ್ಪಿರಿಟ್ಟು, ಒಂದು ಬಾಚಣಿಗೆ ತಂದಿಟ್ಟು ಹೋದರು. ತಂತಿ ಅಂಟಿಸಿದ್ದ ಗೋಂದು ಕೂದಲಲ್ಲಿ ಗಟ್ಟಿಯಾಗಿ ಗಂಟುಗಂಟಾಗಿತ್ತು, ನೆನೆಸಿ ಬಿಡಿಸಬೇಕು. ಅಂಜಮ್ಮ ಬಟ್ಟಲು ಎತ್ತಿಕೊಂಡು ಮಂಚದ ಅಂಚಿಗೆ ಕೂತು, ಮಗಳ ತಲೆಯ ಕಡೆಗೆ ಕೈ ಚಾಚಿದಳು.

ಅವ್ವನ ಕೈ ಕಂಡದ್ದೇ ಹಾಲಮ್ಮನ ಹೆಗಲು ಮೇಲಕ್ಕೆದ್ದು ಕಿವಿಗೆ ತಾಗಿತು.

ಅಂಜಮ್ಮ ಕೈ ಹಿಂದಕ್ಕೆ ತೆಗೆದಳು. ಬಟ್ಟಲನ್ನು ಮಗಳಿಗೆ ಎಟಕುವ ಹಾಗೆ ಹಾಸಿಗೆಯ ಮೇಲೆ ಇಟ್ಟಳು. ಹುಡುಗಿ ಬಾಚಣಿಗೆಯನ್ನು ಅಭ್ಯಾಸಬಲದಿಂದ ಬಲಗೈಯಲ್ಲೇ ಹಿಡಿದಳು. ಅದು ಕಿವಿಯ ತನಕ ಏರಿ, ಬೆರಳ ಸಂದಿನಿಂದ ಜಾರಿ ನೆಲಕ್ಕೆ ಬಿತ್ತು. ಮಂಚದಿಂದ ಅರ್ಧ ಬಗ್ಗಿ, ಎಡಗೈಯಲ್ಲಿ ತಡಕಿ ಎತ್ತಿಕೊಂಡು, ಮತ್ತೆ ಬಲಗೈಗೆ ಕೊಟ್ಟಳು. ಮತ್ತೆ ಬಿತ್ತು. ಪಕ್ಕದ ಮಂಚದವಳು ಏನವ್ವ ತಾಯಿ, ಕೂಸಿಗೆ ಎತ್ತಿಕೊಡಬಾರದೇ ಎಂದು ಗದರಿದಳು. ಅಂಜಮ್ಮ ಎರಡೂ ಕೈಗಳನ್ನು ಸೆರಗಿನೊಳಗೆ ಮಡಿಚಿಟ್ಟುಕೊಂಡು, ಮಗಳು ಇನ್ನೊಮ್ಮೆ ಬಗ್ಗುವುದನ್ನು ನೋಡುತ್ತ ಕೂತಳು.