ನಾಳೆ ಬರ್ರಿ

ಭಾಗ್ಯ ಅತ್ತಿಗೆಯ ಫೋನು ಜೋಳದ ಹಿಟ್ಟಿನ ಡಬ್ಬಿಯಲ್ಲಿ ಸಿಕ್ಕಿತು. ರೊಟ್ಟಿಗೆಂದು ಕೈ ಹಾಕಿದ್ದೆ, ಗಟ್ಟಿಯಾದದ್ದೇನೋ ತಗುಲಿತು. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಸ್ವಿಚ್ ಆಫ್ ಮಾಡಿ, ತಳಕ್ಕೆ ಒತ್ತಿ ಇಟ್ಟಿದ್ದಳು.

“ಅತ್ತಿಗಿ, ಇದೇನ ಇದು?”

“ಅಲ್ಲೇ ಇರ್ಲಿ ಬಿಡು, ಉರುಕುಂದಿ.”

“ದವಾಖಾನಿ ಮೆಸೇಜು ಬರದೈತಿ. ಆಫ್ ಮಾಡಿ ಇಟ್ರ ಹೆಂಗ ಗೊತ್ತಾಗತೈತಿ?”

“ನಾ ಆ ದವಾಖಾನಿಗೆ ಬರಂಗಿಲ್ಲ.”

ಅವಳಿಗೆ ಆರು ತಿಂಗಳು ತುಂಬಿತ್ತು. ಕಾಲು ಊದಿಕೊಂಡಿದ್ದವು. ಸಕ್ಕರೆ ಪರೀಕ್ಷೆಯನ್ನು ಈ ವಾರ ತಪ್ಪಿಸಬೇಡಿ ಎಂದು ಡಾಕ್ಟರಮ್ಮ ಎರಡು ಸಲ ಹೇಳಿದ್ದರು. ಆದೋನಿಯ ಆ ಆಸ್ಪತ್ರೆಯಲ್ಲಿ ಈಗ ಸರದಿಯನ್ನು ವೆಬ್‌ಸೈಟಿನಲ್ಲಿ ಕೇಳಬೇಕು. ಯಾವ ದಿನ ಬರಬೇಕೆಂದು ಹಿಂದಿನ ಸಂಜೆ ಐದಕ್ಕೆ ಮೆಸೇಜು ಬರುತ್ತದೆ. ಅತ್ತಿಗೆಯ ಹೆಸರನ್ನು ನಾನೇ ಹಾಕಿದ್ದೆ. ಭಾಷೆ ಯಾವುದು ಎಂದು ಕೇಳಿದಲ್ಲಿ ಕನ್ನಡದ ಮೇಲೆ ಒತ್ತಿದ್ದೆ. ಒತ್ತುವಾಗ ಒಳಗೊಳಗೇ ಹಿಗ್ಗಿದ್ದೆ ಕೂಡ.

ಅವಳು ತಡೆಯುವ ಮೊದಲೇ ಫೋನು ಆನ್ ಮಾಡಿದೆ. ಹಿಂದಿನ ಸಂಜೆ ಐದು ಗಂಟೆಗೆ ಬಂದ ಮೆಸೇಜು ಅಲ್ಲಿತ್ತು:

“ಭಾಗ್ಯ, ರೇಪು ರಂಡಿ. ಖಾಳೀ ಕಡುಪುತೋ ರಂಡಿ.”

ತೆಲುಗು ಬಲ್ಲವರಿಗೆ ಇದರಲ್ಲಿ ಏನೂ ಇಲ್ಲ. ರೇಪು ಎಂದರೆ ನಾಳೆ. ರಂಡಿ ಎಂದರೆ ಬನ್ನಿ. ದೊಡ್ಡವರಿಗೆ ಹೇಳುವ ಗೌರವದ ಮಾತು. ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದು ಅದರ ಅರ್ಥ. ಆದರೆ ಅದು ತೆಲುಗು ಅಕ್ಷರಗಳಲ್ಲಿ ಇರಲಿಲ್ಲ, ಕನ್ನಡ ಅಕ್ಷರಗಳಲ್ಲಿತ್ತು. ಅತ್ತಿಗೆ ಸಿರುಗುಪ್ಪದ ಕಡೆಯವಳು. ಅಲ್ಲಿಂದ ನಮ್ಮೂರಿಗೆ ದೂರವೇನಿಲ್ಲ, ಆದರೆ ನಡುವೆ ರಾಜ್ಯ ಬದಲಾಗುತ್ತದೆ. ಮದುವೆಯಾಗಿ ಬಂದು ವರ್ಷವಾದರೂ ಅವಳಿಗೆ ತೆಲುಗಿನ ಒಂದು ಮಾತು ಮಾತ್ರ ಗೊತ್ತು. ನಲ್ಲಿಯ ಹತ್ತಿರ ಹೆಂಗಸರು ಅವಳನ್ನು ತೋರಿಸಿ “ಕಡುಪುತೋ ಉಂದಿ” ಎನ್ನುತ್ತಿದ್ದರು. ಬಸುರಿ ಎಂದು. ಈಗ ಯಾರೋ ಅವಳ ಹೆಸರು ಹಿಡಿದು, ಬಾಯಲ್ಲಿ ಹೇಳಬಾರದ ಮಾತಿನಿಂದ ಬೈದು, ಬಸಿರು ಖಾಲಿಯಾಗಲಿ ಎಂದು ಶಪಿಸಿದ ಹಾಗೆ ಅವಳು ಓದಿಕೊಂಡಿದ್ದಳು.

“ಆ ದವಾಖಾನ್ಯಾಗ ನನ್ನ ನಂಬರು ಯಾರಿಗೆ ಸಿಕ್ಕೈತೋ ಏನೋ,” ಎಂದಳು. ಅಳು ಮುಗಿದು ದನಿ ಒಣಗಿತ್ತು. “ನಿಮ್ಮಣ್ಣ ಊರಿಂದ ಬಂದು ಇದನ್ನ ನೋಡಿದ್ರ ಯಾರು ಕಳ್ಸ್ಯಾರ ಅಂತ ಕೇಳ್ತಾನ. ನಾ ಏನಂತ ಹೇಳ್ಲಿ?”

“ಇದು ಬೈಗಳ ಅಲ್ಲ ಅತ್ತಿಗಿ. ತೆಲುಗು. ದವಾಖಾನಿಗೆ ಇವತ್ತ ಬಾ ಅಂದಾರ.”

“ನಂಗ ತೆಲುಗು ಬರಂಗಿಲ್ಲಂತ ಅವರಿಗೆ ಗೊತ್ತಿಲ್ಲೇನು? ಮತ್ತ ಕನ್ನಡದಾಗ ಯಾಕ ಬರದಾರ? ನನ್ನ ಸಮಾಧಾನಕ್ಕ ಏನೇನೋ ಹೇಳಬ್ಯಾಡ.”

ನನಗೆ ಸಿಟ್ಟು ಬಂತು. ಏಕೆಂದರೆ ಆ ಮೆಸೇಜಿಗೆ ಕನ್ನಡದಲ್ಲಿ ನಾನು ಬರೆದದ್ದು “ನಾಳೆ ಬನ್ನಿ” ಎಂದು.

ನಾನು ಕೆಲಸ ಮಾಡುವುದು ಆದೋನಿಯಲ್ಲಿ, ನರೇಶಣ್ಣನ ಕಂಪ್ಯೂಟರ್ ಅಂಗಡಿಯಲ್ಲಿ. ನಮ್ಮೂರಿನ ಕನ್ನಡ ಶಾಲೆ ಎಂಟನೆಯ ತರಗತಿಗೆ ಮುಗಿಯುತ್ತಿತ್ತು. ಮುಂದಿನದು ತೆಲುಗು. ಅಲ್ಲಿ ಎದ್ದು ನಿಂತು ಓದುವಾಗ ತರಗತಿ ನಕ್ಕಿತು. ನಾನು ಮತ್ತೆ ಹೋಗಲಿಲ್ಲ. ಅಂಗಡಿಯಲ್ಲಿ ಕಸ ಗುಡಿಸುತ್ತೇನೆ, ಜೆರಾಕ್ಸ್ ತೆಗೆಯುತ್ತೇನೆ, ಅರ್ಜಿ ಟೈಪ್ ಮಾಡುತ್ತೇನೆ. ಮಾತು ಕಡಿಮೆ. ಹಾಗಾಗಿ ನನ್ನ ಎದುರಿಗೆ ಎಲ್ಲರೂ ಎಲ್ಲವನ್ನೂ ಮಾತಾಡುತ್ತಾರೆ.

ಆಸ್ಪತ್ರೆಯ ವೆಬ್‌ಸೈಟನ್ನು ನರೇಶಣ್ಣ ಪಿಎಚ್‌ಪಿ ಫ್ರೇಮ್‌ವರ್ಕಿನಲ್ಲಿ ಕಟ್ಟಿದ. ಇಂಗ್ಲಿಷ್, ತೆಲುಗು, ಉರ್ದು, ಕನ್ನಡ, ನಾಲ್ಕು ಭಾಷೆ ಎಂದು ಒಪ್ಪಿಕೊಂಡಿದ್ದ. ಅದರ ಏರ್ಪಾಡು ನೋಡಲು ಸುಲಭ. ಒಂದೊಂದು ಭಾಷೆಗೆ ಒಂದೊಂದು ಫೈಲು. ಪ್ರತಿ ಸಾಲಿನ ಎಡಗಡೆ ಇಂಗ್ಲಿಷಿನಲ್ಲಿ ಆ ಮಾತಿನ ಗುರುತು, ಅದನ್ನು ಮುಟ್ಟಬಾರದು. ನಡುವೆ ಬಾಣ. ಬಲಗಡೆ ನಮ್ಮ ಮಾತು. ಕೊನೆಗೆ ಕಾಮಾ. ಯಾರು ಯಾವ ಭಾಷೆ ಒತ್ತುತ್ತಾರೋ ಆ ಫೈಲಿನ ಬಲಗಡೆಯ ಮಾತು ಬರುತ್ತದೆ.

ಕನ್ನಡದ ಬಲಗಡೆಯನ್ನು ನನಗೆ ಕೊಟ್ಟ. ಇನ್ನೂರ ಹನ್ನೆರಡು ಸಾಲು. ಟೈಪ್ ಮಾಡುವ ಮೊದಲು ನಾನು ನೋಟ್‌ಬುಕ್ಕಿನಲ್ಲಿ ಬರೆದೆ. ಗೊತ್ತಾಗದ ಮಾತಿಗೆ ರೊಟ್ಟಿ ಬಡಿಯುತ್ತಾ ಅತ್ತಿಗೆಯನ್ನು ಕೇಳಿದೆ. “ಇದನ್ನ ನಿಮ್ಮ ಕಡಿ ಏನಂತಾರ?” ಅವಳು ಎಂಥ ಮಾತಿಗೂ ಹಿಟ್ಟಿನ ಕೈ ತಡೆದು ಒಂದು ಕ್ಷಣ ಯೋಚಿಸುತ್ತಿದ್ದಳು. ಇಪ್ಪತ್ತು ದಿನ ಹಿಡಿಯಿತು.

ಆ ಇಪ್ಪತ್ತು ದಿನ ಎಲ್ಲಿ ಹೋಯಿತು? ನೋಟ್‌ಬುಕ್ಕನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ.

“ಏಂ ಪಿಲ್ಲಾ, ಇಷ್ಟೊತ್ತಿಗೇನು?” ಎಂದ ನರೇಶಣ್ಣ, ತೆರೆಯಿಂದ ಕಣ್ಣು ತೆಗೆಯದೆ.

“ಅಣ್ಣ, ಕನ್ನಡದ ಫೈಲು ಯಾರು ಬದಲ್ ಮಾಡ್ಯಾರ?”

“ಓ ಅದಾ? ನಿಂದ್ರಾಗ ಎಲ್ಲೋ ಒಂದು ಕಾಮಾ ತಪ್ಪಿತ್ತು. ಶುಕ್ರವಾರ ಪೇಜೆಲ್ಲಾ ಬೆಳ್ಳಗಾಗಿ ನಿಂತುಬಿಡ್ತು. ಇನ್ನೂರು ಸಾಲು ಹುಡುಕ್ಕೋತ ಯಾರು ಕೂಡ್ತಾರ? ಅಳಿಸಿ ಹಾಕ್ದೆ. ತೆಲುಗು ಫೈಲು ತಗೊಂಡು, ಅಕ್ಷರ ಬದಲ್ ಮಾಡೋ ಕನ್ವರ್ಟರ್‌ಗೆ ಕೊಟ್ಟೆ. ಒಂದ ನಿಮಿಷ. ಅಯಿಪೋಯಿಂದಿ, ಮುಗೀತು.”

“ಅದು ಕನ್ನಡ ಅಲ್ಲಣ್ಣ.”

“ಅಕ್ಷರ ಕನ್ನಡದ್ವೇ ಅದಾವಲ್ಲ? ಎರಡೂ ಒಂದೇ. ತಲಕಟ್ಟು ಒಂದ ಬ್ಯಾರೆ.” ಅವನು ನಕ್ಕ. “ನೀ ಇಪ್ಪತ್ತು ದಿನ ಮಾಡಿದ್ದನ್ನ ಮಷಿನ್ನು ಒಂದು ನಿಮಿಷದಾಗ ಮಾಡ್ತು ಅಂತ ಸಿಟ್ಟೇನು?”

ಅಷ್ಟರಲ್ಲಿ ಆಸ್ಪತ್ರೆಯ ಆಡಳಿತ ನೋಡಿಕೊಳ್ಳುವ ಸುಂಕಣ್ಣ ಸಾರ್ ಬಂದರು. ಗೋನೆಗಂಡ್ಲದವರು, ಮನೆಮಾತು ತೆಲುಗು, ನಮ್ಮ ಜೊತೆ ಕನ್ನಡ. ಹೊಸ ಮೆಸೇಜುಗಳು ಹೇಗೆ ನಡೆಯುತ್ತಿವೆ ಎಂದು ನೋಡಲು ಬಂದಿದ್ದರು. ನರೇಶಣ್ಣ ಕುರ್ಚಿ ಕೊಟ್ಟ. ನಾನು ಗೋಡೆಗೆ ಸರಿದೆ. ಪ್ರತಿದಿನ ಸರಿಯುವ ಹಾಗೆಯೇ. ಆದರೆ ಆ ದಿನ ಅಲ್ಲಿ ನಿಲ್ಲಲಾಗಲಿಲ್ಲ.

“ಸಾರ್, ಕನ್ನಡದ ಮೆಸೇಜು ತಪ್ಪೈತಿ ರೀ.”

ಇಬ್ಬರೂ ತಿರುಗಿದರು.

“ತಪ್ಪೇನೈತಮ್ಮ? ನಿನ್ನೆ ಕನ್ನಡದಾಗ ಹದಿನೇಳು ಮಂದಿಗೆ ಹೋಗೈತಿ. ಇವತ್ತು ಹನ್ನೆರಡು ಮಂದಿ ಬಂದಾರ.”

“ಇನ್ನ ಐದು ಮಂದಿ?”

“ಬರಲಾರದವರು ಯಾವಾಗ್ಲೂ ಇರ್ತಾರ.”

ಹನ್ನೆರಡು ಮಂದಿ ಬಂದದ್ದು ಅವರಿಗೆ ತೆಲುಗು ಬರುತ್ತದೆಂದು. ಅವರಿಗೆ ಕನ್ನಡದ ಬಟನ್ ಇಲ್ಲದಿದ್ದರೂ ನಡೆಯುತ್ತಿತ್ತು. ಆ ಬಟನ್ ಇಟ್ಟದ್ದೇ ಉಳಿದ ಐವರಿಗಾಗಿ. ಆ ಐವರಲ್ಲಿ ಒಬ್ಬಳು ಫೋನನ್ನು ಹಿಟ್ಟಿನಲ್ಲಿ ಹೂತಿಟ್ಟಿದ್ದಳು. ಉಳಿದ ನಾಲ್ವರು ಎಲ್ಲಿಟ್ಟಿದ್ದರೋ.

“ಸಾರ್, ಕಳಿಸೋ ಮುಂದ ನೀವು ಓದಿ ನೋಡಿದ್ರೇನು?”

“ನಂಗೆ ಕನ್ನಡ ಓದಾಕ ಬರಂಗಿಲ್ಲಮ್ಮ. ನರೇಶ ನೋಡಿರ್ತಾನ.”

“ನಂಗೂ ಮಾತಾಡಾಕ ಅಷ್ಟ ಸಾರ್,” ಎಂದ ನರೇಶಣ್ಣ. “ಈಕಿ ಅದಾಳಲ್ಲ, ನೋಡಿರ್ತಾಳ ಅನ್ಕೊಂಡೆ.”

ಬರೆದದ್ದು ಯಂತ್ರ. ಒಪ್ಪಿದವರು ಓದಲಾರದವರು. ತಪ್ಪು ಬರುವ ಹೊತ್ತಿಗೆ ಮಾತ್ರ ಕನ್ನಡದ ಫೈಲು ನನ್ನದಾಯಿತು! ಆ ಎರಡು ಪದಗಳನ್ನು ಇಬ್ಬರು ಗಂಡಸರ ಎದುರು ಬಾಯಿಬಿಟ್ಟು ಹೇಳದೆ ಇವರಿಗೆ ತಿಳಿಯುವುದಿಲ್ಲ ಎಂದು ಗೊತ್ತಾಗಿತ್ತು. ಹೇಳಿದರೂ ಅವರ ಕಿವಿಗೆ ಅದು ಶುದ್ಧ ತೆಲುಗು.

“ಅಣ್ಣ, ಉರ್ದು ಫೈಲು ಯಾರು ಬರದಾರ?”

“ನಮ್ಮ ಗಲ್ಲಿ ಉರ್ದು ಮಾಸ್ತರು. ಯಾಕ?”

“ಅದಕ್ಯಾಕ ಕನ್ವರ್ಟರ್ ಹಾಕಲಿಲ್ಲ? ಈಗ ಹಾಕು. ತೆಲುಗಿನ ಮಾತು, ಉರ್ದು ಅಕ್ಷರ. ಮಾಸ್ತರ ಮಗಳ ಹೆಸರು ಬರದು, ಆಕಿ ಫೋನಿಗೆ ‘ರಂಡಿ’ ಅಂತ ಕಳ್ಸು.”

ಹೇಳಿಬಿಟ್ಟಿದ್ದೆ. ಕೊನೆಯ ಪದ ಅಂಗಡಿಯ ಹೊರಗೂ ಕೇಳಿಸಿತೇನೋ, ಜೆರಾಕ್ಸಿಗೆ ಬಂದಿದ್ದ ಹೆಂಗಸೊಬ್ಬಳು ಬಾಗಿಲಲ್ಲೇ ನಿಂತಳು.

ನರೇಶಣ್ಣ ಆದೋನಿಯ ಬಜಾರಿನಲ್ಲಿ ಬೆಳೆದವನು. ಉರ್ದುವಿನ ಬೈಗಳಲ್ಲಿ ಅವನಿಗೆ ತಿಳಿಯದ್ದು ಯಾವುದೂ ಇಲ್ಲ. ಅವನ ಮುಖದ ನಗೆ ನಿಧಾನಕ್ಕೆ ಇಳಿಯಿತು.

“ಅರೇ… ಅದು ಬೈಗಳಲ್ಲೇನು?”

“ಕನ್ನಡದಾಗೂ ಬೈಗಳ. ‘ರೇಪು’ ಅಂದ್ರ ಏನಂತ ಇಂಗ್ಲಿಷ್ ಬರೋ ನಿಂಗ ನಾ ಹೇಳ್ಬೇಕೇನು? ಎರಡೂ ಜೋಡ್ಸಿ, ಹೆಸರು ಹಾಕಿ, ಆರು ತಿಂಗಳ ಬಸುರಿಗೆ ಕಳ್ಸ್ಯಾರ. ನಮ್ಮತ್ತಿಗಿ ಆಕಿ. ನಿನ್ನೆ ಸಂಜಿಲಿಂದ ಅಳಾಕತ್ತಾಳ.”

ಸುಂಕಣ್ಣ ಸಾರ್ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. “ಇವತ್ತು ಎಷ್ಟು ಮಂದಿಗೆ ಹೋಗ್ತಾವಪ್ಪ?”

“ಕನ್ನಡದಾಗ ನಲವತ್ತೊಂದು ಸಾರ್. ಐದಕ್ಕ ತಾವ ಹೋಗ್ತಾವ.”

“ಹಂಗಾದ್ರ ಕನ್ನಡ ತೆಗದ ಬಿಡು. ಬಟನ್ನೇ ಇರಲಿಲ್ಲಂದ್ರ ತಕರಾರೂ ಇರಂಗಿಲ್ಲ. ಇಲ್ಲಿ ತೆಲುಗು ಯಾರಿಗೆ ಬರಂಗಿಲ್ಲ?”

ಆ ಮಾತಿನ ಹಾಗೆ ನನ್ನನ್ನು ಯಾವುದೂ ಸುಟ್ಟಿಲ್ಲ. ಬೈದದ್ದು ಅವರು, ಹೋಗಬೇಕಾದ್ದು ನಾವು. ಶಾಲೆಯಲ್ಲಿ ಹಾಗೇ ಆಯಿತು. ನಾನು ಎದ್ದು ಬಂದೆ, ನಕ್ಕವರು ಕೂತೇ ಇದ್ದರು.

“ಬಟನ್ ತೆಗೀಬ್ಯಾಡ್ರಿ. ಆ ಸುಳ್ಳು ಸಾಲು ತೆಗೀರಿ,” ಎಂದೆ. “ಕನ್ನಡದ ಫೈಲಿನ್ಯಾಗ ಸಾಲು ಇಲ್ಲಂದ್ರ ಅದು ತೆಲುಗು ಫೈಲಿಗೆ ಹೋಗಿ ತರತೈತಿ. ತೆಲುಗಾದ್ರ ತೆಲುಗು ಅಕ್ಷರದಾಗ ಬರ್ಲಿ, ಯಾರಿಗ್ಯಾರ ತೋರ್ಸಿ ಓದಿಸ್ಕೊಂತಾರ. ನಾನು ಒಂದೊಂದ ಸಾಲು ತುಂಬ್ಕೋತ ಬರ್ತೀನಿ. ಮೊದಲು ಮೆಸೇಜಿನವು.”

“ಫಾಲ್‌ಬ್ಯಾಕ್ ನಿಂಗೆ ಯಾರು ಹೇಳಿದ್ರು?” ನರೇಶಣ್ಣ ನಿಜಕ್ಕೂ ಬೆರಗಾಗಿದ್ದ.

“ನೀನ ಫೋನಿನ್ಯಾಗ ಯಾರಿಗೋ ಹೇಳ್ತಿದ್ದಿ. ನಾ ಕಸ ಹೊಡೀತಿದ್ದೆ.”

ಅವನು ಎದ್ದು ಕುರ್ಚಿ ಬಿಟ್ಟ. ಮೂರು ವರ್ಷದಲ್ಲಿ ಅದನ್ನು ಒರೆಸಿದ್ದೆನೇ ಹೊರತು ಅದರಲ್ಲಿ ಕೂತಿರಲಿಲ್ಲ. ಇನ್ನೂರ ಹನ್ನೆರಡು ಸಾಲನ್ನೂ ಒಟ್ಟಿಗೆ ಹಿಡಿದು ಅಳಿಸಿದೆ. ನೋಟ್‌ಬುಕ್ ತೆರೆದೆ.

ಕೂತ ಮೇಲೆ ಮತ್ತೆ ನಾಚಿಕೆ ಬಂದಿತು, ಆದರೂ ಕೇಳಿದೆ. “ಸಾರ್, ಇವತ್ತು ಬರಲಾರದ ಐದೂ ಮಂದಿಗೆ ನಾಳೆ ಸರದಿ ಕೊಡ್ರಿ. ಹದಿನೇಳು ಮಂದಿಗೂ ತಪ್ಪಾತು ಅಂತ ಒಂದು ಮೆಸೇಜು ಕಳ್ಸಬೇಕು.”

“ಸರದಿ ಕೊಡ್ತೀನಿ,” ಎಂದರು ಸುಂಕಣ್ಣ ಸಾರ್. “ತಪ್ಪಾತು ಗಿಪ್ಪಾತು ಬ್ಯಾಡ. ಬರದು ಕಳಿಸಿದ್ರ ನಾವ ಒಪ್ಕೊಂಡಂಗ ಆಗತೈತಿ. ಅದು ಯಾರೂ ಬೇಕಂತ ಮಾಡಿದ್ದಲ್ಲಮ್ಮ. ಸಿಸ್ಟಮ್‌ದಾಗ ತಾನ ಆಗೈತಿ.”

ತಾನೇ ಆಯಿತಂತೆ. ಒಂದು ಕಾಮಾ ಹುಡುಕಲು ಬೇಸರಪಟ್ಟದ್ದು ತಾನೇ ಆಯಿತು. ಓದಲಾಗದ್ದನ್ನು ಓದಿಸಿ ಕೇಳದೇ ಒಪ್ಪಿದ್ದು ತಾನೇ ಆಯಿತು. ಎದುರಾಡಲಿಲ್ಲ. ಗಂಟೆ ಹನ್ನೆರಡಾಗಿತ್ತು, ಐದಕ್ಕೆ ಮೊದಲು ಟೈಪ್ ಮಾಡುವುದಿತ್ತು.

ಮೆಸೇಜಿನ ಸಾಲುಗಳು ಮೂವತ್ತನಾಲ್ಕು. ಒಂದೊಂದು ಕಾಮಾವನ್ನೂ ತೆರೆಯ ಮೇಲೆ ಬೆರಳಿಟ್ಟು ನೋಡಿದೆ. ಇನ್ನೊಂದು ನೆಪ ಕೊಡಬಾರದಿತ್ತು. “ನಾಳೆ ಬನ್ನಿ” ಎಂದು ಬರೆದಿದ್ದ ಸಾಲಿಗೆ ಬಂದಾಗ ಕೈ ನಿಂತಿತು. ಶಾಲೆಯ ಪುಸ್ತಕದಲ್ಲಿ ಬನ್ನಿ ಎಂದೇ ಇತ್ತು, ಆದ್ದರಿಂದ ಹಾಗೆ ಬರೆದಿದ್ದೆ. ಆದರೆ ಬಾಗಿಲಿಗೆ ಬಂದವರಿಗೆ ನಮ್ಮಲ್ಲಿ ಯಾರೂ ಬನ್ನಿ ಎನ್ನುವುದಿಲ್ಲ. ಅಳಿಸಿದೆ. ನಮ್ಮವ್ವ ಹೇಳುವ ಹಾಗೆ ಬರೆದೆ.

ಐದಕ್ಕೆ ನಲವತ್ತೊಂದರ ಜೊತೆ ಆ ಐದೂ ಹೋದವು. ನರೇಶಣ್ಣ ಹಿಂದೆ ನಿಂತು “ಸರಿಯಾಗೈತಾ?” ಎಂದ. ಓದಲು ಬಾರದವನಿಗೆ ಏನು ಹೇಳಲಿ? ಚೀಲ ತೆಗೆದುಕೊಂಡು ಬಸ್ಸಿಗೆ ಹೋದೆ.

ಮನೆಯಲ್ಲಿ ಅತ್ತಿಗೆಯ ಫೋನು ಕಟ್ಟೆಯ ಮೇಲೆ ಬೋರಲು ಬಿದ್ದಿತ್ತು.

“ಸದ್ದು ಮಾಡ್ತು,” ಎಂದಳು. “ನಾ ನೋಡಿಲ್ಲ.”

“ನೋಡು.”

“ನೀನ ಓದು.”

“ನಾ ಓದಂಗಿಲ್ಲ. ನಿಂಗ ಬಂದೈತಿ, ನೀನ ಓದು.”

ಫೋನು ಕೈಗೆತ್ತಿಕೊಂಡಳು. ತುಟಿ ಅಲ್ಲಾಡಿಸುತ್ತಾ ಅಕ್ಷರ ಅಕ್ಷರವಾಗಿ ಓದಿದಳು. “ಭಾಗ್ಯ ಅವರೇ, ನಾಳೆ ಮುಂಜಾನೆ ಎಂಟಕ್ಕೆ ಬರ್ರಿ. ಏನೂ ತಿನ್ನದೆ, ಖಾಲಿ ಹೊಟ್ಟೆಯಲ್ಲಿ ಬರ್ರಿ.”

ಮತ್ತೊಮ್ಮೆ ಓದಿದಳು.

“ಬರ್ರಿ ಅಂತ ಬರದಾರ,” ಎಂದಳು. “ಯಾರು ಬರದಾರ ಇದನ್ನ?”

“ನಾನ.”

“ಮತ್ತ ನಿನ್ನೇದು?”

“ಯಾರೂ ಬರದಿಲ್ಲಂತ. ತಾನ ಆಗೈತಂತ.”

ಅತ್ತಿಗೆ ನನ್ನ ಮುಖವನ್ನೇ ನೋಡಿದಳು. ಊದಿದ ಕಾಲನ್ನು ಕೈಯಿಂದ ಎತ್ತಿ ಕಟ್ಟೆಯಿಂದ ಕೆಳಗಿಟ್ಟಳು.

“ನಾಳಿ ಆ ತಾನ ಅನ್ನೋವ್ನನ್ನ ನಂಗ ತೋರ್ಸು,” ಎಂದಳು. “ಒಳ್ಳೆ ಕನ್ನಡದಾಗ ನಾಕು ಮಾತು ಹೇಳೋದೈತಿ.”